ಹೋಳಿಗೆ ಸಾರಿನ ಮೇಲಿನ ಪಾಠ

ನಿಮ್ಮ ತಾತ ಸಾರನ್ನು ಉಣ್ಣುವ ಮೊದಲು ನೋಡುತ್ತಿದ್ದರು. ತಟ್ಟೆಯ ಮೇಲೆ ಬಗ್ಗಿ, ತೇಲುವ ಎಣ್ಣೆಯ ಎರಡು ಬೊಟ್ಟುಗಳನ್ನು ಬೆರಳ ತುದಿಯಿಂದ ಹತ್ತಿರ ತಂದು, ಅವು ಕೂಡಿ ಒಂದಾಗುವವರೆಗೂ ತುತ್ತು ಎತ್ತುತ್ತಿರಲಿಲ್ಲ. ಅಷ್ಟರಲ್ಲಿ ಸಾರು ತಣ್ಣಗಾಗಿರುತ್ತಿತ್ತು.

ಎಪ್ಪತ್ತರ ದಶಕ. ಅವರು ಹೊಸದುರ್ಗದ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಹುಡುಗರು ಅವರಿಗೆ ಇಟ್ಟ ಹೆಸರು ಜಿಡ್ಡು ಮೇಷ್ಟ್ರು. ನಲ್ಲಿಯ ಹತ್ತಿರ ಹೆಂಗಸರು, "ಏನವ್ವ, ನಿಮ್ಮ ಮೇಷ್ಟ್ರು ಇವತ್ತು ಸಾರು ಉಂಡ್ರೋ, ಪಾಠ ಮಾಡಿದ್ರೋ?" ಎಂದು ನಗುತ್ತಿದ್ದರು. ನಾನು ಬಿಂದಿಗೆ ತುಂಬುವ ಮೊದಲೇ ಎತ್ತಿಕೊಂಡು ಬಂದುಬಿಡುತ್ತಿದ್ದೆ.

ಏಳನೇ ಕ್ಲಾಸು ಓದಿದ ನನಗೂ ಅವರು ಬಿಡದೆ ಹೇಳುತ್ತಿದ್ದರು: "ನಮ್ಮ ಮೈಯಾಗಿನ ಒಂದೊಂದು ಜೀವಕೋಶಕ್ಕೂ ಕೊಬ್ಬಿನ ಪೊರೆ ಐತೆ ಕಣೆ, ಎರಡು ಪದರದ್ದು. ಸಾರಿನ ಎಣ್ಣೆ ಸುಮ್ನೆ ಕೂಡ್ತದೆ, ಪೊರೆ ಹಂಗೆ ಕೂಡಲ್ಲ. ಮಧ್ಯೆ ನೀರು ನಿಂತು ತಡೀತದೆ. ಪೊರೆಯಾಗೆ ನಾಟ್ಕಂಡಿರೋ ಪ್ರೋಟೀನು ಹಿಡಿದು ಹತ್ರ ಎಳೀಬೇಕು. ಆಮೇಲೆ ಈ ಕೊಬ್ಬು ಆ ಕೊಬ್ಬು ಬೆರೀತದೆ. ಒಳಗಿಂದು ಹೊರಗೆ ಚೆಲ್ಲಲ್ಲ."

"ಅದು ಹೆಂಗೆ ಎಳೀತದೆ?"

"ಇನ್ನೂ ಹುಡುಕ್ತಾ ಅವ್ರೆ. ನಂಗೂ ಗೊತ್ತಿಲ್ಲ."

ಗೊತ್ತಿಲ್ಲ ಅನ್ನುವಾಗ ಅವರಿಗೆ ನಾಚಿಕೆಯೇ ಆಗುತ್ತಿರಲಿಲ್ಲ. ಅವರ ಪಾಲಿನದನ್ನೂ ನಾನೇ ನಾಚಿಕೊಳ್ಳುತ್ತಿದ್ದೆ.

ನನ್ನ ತಂಗಿ ಗಂಗಮ್ಮನನ್ನು ನೋಡಲು ಹೊಳಲ್ಕೆರೆ ಕಡೆಯವರು ನನ್ನ ತವರು ಹರಿಯಬ್ಬೆಗೆ ಬಂದರು. ಮುಂಚೆ ಬಂದವರು ಒಪ್ಪದೆ ಹೋಗಿದ್ದರಿಂದ ಅಪ್ಪ ಈ ಸಂಬಂಧವನ್ನೇ ನೆಚ್ಚಿಕೊಂಡಿದ್ದರು. ನಾವಿಬ್ಬರೂ ಹೋಗಿದ್ದೆವು. ಹೋಳಿಗೆ ಊಟ. ಎಲ್ಲರೂ ಉಣ್ಣುವಾಗ ಗಂಡಿನ ತಾಯಿ ನನ್ನ ಕಡೆ ತಿರುಗಿ, "ಈ ಮನೇಲಿ ಬರೀ ಹೆಣ್ಣೇ ಹುಟ್ತಾವಂತಲ್ಲ. ನಿಮ್ಮವ್ವಂಗೂ ಹೆಣ್ಣು, ನಿಂಗೂ ಹೆಣ್ಣು. ಇವಳ ಹೊಟ್ಟೇನೂ ಹಂಗೇ ಆದ್ರೆ ಏನ್ ಗತಿ?" ಎಂದರು. ನಾನು ಮುಂದಿನ ತಟ್ಟೆಗೆ ಸಾರು ಬಡಿಸಿದೆ.

ನಿಮ್ಮ ತಾತ ತಟ್ಟೆಯನ್ನು ಅವರ ಕಡೆ ಸರಿಸಿ, ಎಣ್ಣೆಯ ಎರಡು ಬೊಟ್ಟು ತೋರಿಸಿದರು.

"ಇಲ್ಲಿ ನೋಡ್ರಮ್ಮ. ಇದು ತಾಯಿ ಕಡೇದು, ಇದು ತಂದೆ ಕಡೇದು ಅನ್ಕಳ್ರಿ. ಎರಡರ ಪೊರೆನೂ ಹಿಂಗೆ ಕೂಡಿ ಒಂದಾದ್ರೇನೇ ಬಸುರು. ಹೆಣ್ಣೋ ಗಂಡೋ ಅನ್ನೋದು ತಂದೆ ಕಡೆಯಿಂದ ಬಂದಿದ್ರಾಗೆ ಐತೆ. ನೀವು ನಿಮ್ಮ ಹುಡುಗನ್ನ ಕೇಳ್ರಿ, ಈ ಹುಡುಗೀನಲ್ಲ."

ಗಂಡಿಗೆ ಕೆಮ್ಮು ಬಂತು. ಅಪ್ಪ ತಲೆ ಎತ್ತಲಿಲ್ಲ. ನಾನು ಸಾರಿನ ಪಾತ್ರೆ ಹಿಡಿದು ನೆಲ ನೋಡುತ್ತ ನಿಂತೆ.

"ಏನ್ರೀ ಮೇಷ್ಟ್ರೇ, ಉಣ್ಣೋ ಹೊತ್ನಾಗೆ ಇದೆಂಥಾ ಮಾತ್ರಿ!" ಎಂದು ಆ ತಾಯಿ ಕೈ ತೊಳೆದರು. ಹೇಳಿ ಕಳಿಸುತ್ತೇವೆ ಎಂದು ಹೋದವರು ಹೇಳಿ ಕಳಿಸಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ನಾನು, "ಇನ್ಮೇಲೆ ನಮ್ಮೂರಾಗೆ ಬಾಯಿ ಬಿಡಬ್ಯಾಡ್ರಿ" ಎಂದೆ.

"ನಾನೇನು ಸುಳ್ಳು ಹೇಳಿದ್ನೇನೆ?"

"ನಿಜಾನೇ ಇರ್ಲಿ. ಅಪ್ಪನ ಎದುರಿಗೆ ಬಸುರಿನ ಮಾತೇನ್ರೀ?"

ಆಮೇಲೆ ಅವರು ಹರಿಯಬ್ಬೆಗೆ ಹೋದಾಗಲೆಲ್ಲ ಸಾಲಿನ ಕೊನೆಯಲ್ಲಿ ಕುಳಿತು, ತಟ್ಟೆ ನೋಡದೆ, ಬಿಸಿ ಸಾರನ್ನೇ ಬೇಗಬೇಗ ಉಂಡು ಏಳುತ್ತಿದ್ದರು. ಸದ್ಯ, ಬುದ್ಧಿ ಬಂತು ಅಂದುಕೊಂಡೆ.

ಗಂಗಮ್ಮನನ್ನು ಐಮಂಗಲಕ್ಕೆ ಕೊಟ್ಟರು. ಅವಳಿಗೂ ಹೆಣ್ಣುಮಕ್ಕಳೇ.

ನೀವು ಯಾರೂ ಹುಟ್ಟುವ ಮೊದಲೇ ನಿಮ್ಮ ತಾತ ತೀರಿಕೊಂಡರು. ಗಂಗಮ್ಮ ಬಂದವಳೇ ಅವರ ಕಾಲ ಬಳಿ ಕುಸಿದು, ನೆರೆದ ಗಂಡಸರ ಮುಂದೆಯೇ ಗಟ್ಟಿಯಾಗಿ ಅತ್ತಳು: "ಭಾವಾ, ನಮ್ಮಪ್ಪನೂ ಬಾಯಿ ಬಿಡ್ಲಿಲ್ಲ ಅವತ್ತು, ನಮ್ಮಕ್ಕನೂ ಬಿಡ್ಲಿಲ್ಲ. ನೀನೊಬ್ನೇ ಕಣೋ ನನ್ನ ಪರವಾಗಿ ಮಾತಾಡ್ದೋನು!"

ಅವತ್ತು ಅವಳು ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದಳಂತೆ. ನೆಲ ನೋಡುತ್ತಿದ್ದ ನನಗೆ ಅವಳ ಮುಖ ಕಂಡಿರಲಿಲ್ಲ.

ನಾನು ಸೆರಗಿನಿಂದ ಮುಖ ಮುಚ್ಚಿಕೊಂಡೆ. ಪಾಪ, ಅಳುತ್ತಿದ್ದಾಳೆ ಅಂದುಕೊಂಡರು ಬಂದವರು. ಮೊದಲು ಬಂದದ್ದು ನನ್ನ ಪಾಲಿನ ನಾಚಿಕೆ; ಅಳು ಆಮೇಲೆ ಬಂತು.