ಕ್ಲಿಪ್ ತೊಳೆಯುವ ಹತ್ತು ನಿಮಿಷ

ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡಾಗ ನನಗೆ ಮೂವತ್ತಮೂರು. ಮಿಶ್ರಿಕೋಟಿಯ ಹತ್ತಿರದ ಹಳ್ಳಿಯೊಂದರ ಶಾಲೆಯಲ್ಲಿ ಎರಡನೆಯ ತರಗತಿಗೆ ಪಾಠ ಹೇಳುತ್ತಿದ್ದೆ. ನನ್ನ ಮೇಲಿನ ಹಲ್ಲುಗಳು ಚಿಕ್ಕಂದಿನಿಂದಲೂ ಮುಂದೆ ಬಂದಿದ್ದವು. ಅದಕ್ಕಾಗಿ ಯಾರೂ ನನ್ನನ್ನು ಆಡಿಕೊಂಡಿರಲಿಲ್ಲ. ಒಂದು ದಿನ ಮಕ್ಕಳಿಗೆಂದು ಪದ್ಯ ಹಾಡಿ ಮೊಬೈಲಿನಲ್ಲಿ ವಿಡಿಯೊ ಮಾಡಿದೆ. ಆಮೇಲೆ ನೋಡಿದರೆ, ಪ್ರತಿ ಸಾಲಿನ ಕೊನೆಗೆ ನನ್ನ ಎಡಗೈ ತಾನಾಗಿ ಎದ್ದು ಬಾಯಿ ಮುಚ್ಚುತ್ತಿತ್ತು. ಎಷ್ಟು ವರ್ಷಗಳಿಂದ ಹೀಗೆ ಮಾಡುತ್ತಿದ್ದೆನೋ! ಯಾರದೋ ಕೈ ಎಂಬಂತೆ ಅದನ್ನೇ ಮತ್ತೆ ಮತ್ತೆ ನೋಡಿದೆ. ಶನಿವಾರ ಶಾಲೆ ಬಿಟ್ಟ ಮೇಲೆ ಗಂಡನ ಬೈಕಿನ ಹಿಂದೆ ಕೂತು ಹುಬ್ಬಳ್ಳಿಯ ಹಲ್ಲಿನ ಡಾಕ್ಟರ ಹತ್ತಿರ ಹೋದೆ.

ಡಾಕ್ಟರು ಸಾವಧಾನದ ಹೆಣ್ಣುಮಗಳು. ಮೂರನೆಯ ಸಲ ಹೋದಾಗ ಕ್ಲಿಪ್ ಕೂರಿಸಿದರು. ಬೆರಳುದ್ದದ ಒಂದು ಸಣ್ಣ ಬ್ರಷ್ಷನ್ನು ಕೈಗಿಟ್ಟು ಹೇಳಿದರು: “ಇದನ್ನ ತಂತಿ ಕೆಳಗ ತೂರಿಸಿ ಒಂದೊಂದ ಹಲ್ಲಿನ ಸುತ್ತ ತೊಳೀಬೇಕ್ರಿ. ಉಂಡಾಗೊಮ್ಮೆ. ಗಡಿಬಿಡಿ ಮಾಡಿದ್ರ ಹಲ್ಲು ನೆಟ್ಟಗ ಆಗ್ತಾವ, ಆದ್ರ ಹುಳುಕ ಹಿಡೀತಾವ.”

ಮನೆಗೆ ಬರುವಾಗ ಗಾಳಿ ಬಾಯಿಗೆ ಹೊಡೆದು ತಂತಿಯೆಲ್ಲ ತಣ್ಣಗಾಗಿತ್ತು. ಕಟ್ಟೆಯ ಮೇಲೆ ಕೂತಿದ್ದ ಅತ್ತೆ ನನ್ನ ಮುಖ ನೋಡಿ ಎದ್ದು ನಿಂತರು.

“ಹೊಲಕ್ಕ ಹಾಕೂ ತಂತಿ ಬೇಲಿ ಬಾಯಾಗ ಹಾಕಿಸ್ಕೊಂಡ ಬಂದಿಯಲ್ಲ! ಈ ವಯಸ್ಸಿನ್ಯಾಗ ಇದೇನವಾ?”

“ಎರಡು ವರ್ಷ ಅಷ್ಟ್ರಿ, ಅತ್ತಿ,” ಅಂದೆ. ಆ ಮಾತೂ ತಂತಿಗೆ ಸಿಕ್ಕಿ ತೊದಲಾಗಿ ಹೊರಬಿತ್ತು.

ಅವರು ತಲೆ ಅಲ್ಲಾಡಿಸುತ್ತ ಒಳಗೆ ಹೋದರು. ಆದರೆ ಮರುದಿನ ಹಲ್ಲಿನ ನೋವಿಗೆ ರೊಟ್ಟಿ ಮುರಿಯಲಾರದೆ ಕೂತಾಗ ನನ್ನ ಮುಂದೆ ಬಿಸಿ ನುಚ್ಚು ಮಜ್ಜಿಗೆ ಬಂತು. ವಾರವಿಡೀ ಹಾಗೇ ಬಂತು.

ಬೆಳಗಿನ ತೊಳೆಯುವ ಕೆಲಸಕ್ಕೆ ಹಿತ್ತಲಿನ ನುಗ್ಗೆ ಮರಕ್ಕೆ ಮೊಳೆ ಹೊಡೆದು ಸಣ್ಣ ಕನ್ನಡಿ ತೂಗುಹಾಕಿದೆ. ಚಳಿಗಾಲ ಆಗಷ್ಟೇ ಶುರುವಾಗಿತ್ತು. ಕೊಯ್ಲಾದ ಭತ್ತದ ಗದ್ದೆಗಳ ಮೇಲೆ ಮಂಜು ಮೊಣಕಾಲೆತ್ತರ ನಿಂತಿರುತ್ತಿತ್ತು. ಮೊದಲು ದೊಡ್ಡ ಬ್ರಷ್ಷು, ತಂತಿಯ ಮೇಲೊಮ್ಮೆ, ಕೆಳಗೊಮ್ಮೆ. ಆಮೇಲೆ ಸಣ್ಣದು. ಕನ್ನಡಿಯಲ್ಲಿ ಒಂದೇ ಒಂದು ಹಲ್ಲು ಕಾಣುವಷ್ಟು ಹತ್ತಿರ ಹೋದರೆ ಉಳಿದ ನಾನು ಎಲ್ಲೂ ಇರುತ್ತಿರಲಿಲ್ಲ. ದೂರದ ರಸ್ತೆಯಲ್ಲಿ ಮೊದಲ ಬಸ್ಸು ಹೋದ ಸದ್ದು ಮಂಜಿನೊಳಗೆ ಕರಗುತ್ತಿತ್ತು. ನೀರು ಮುಕ್ಕಳಿಸಿ ತಲೆಯೆತ್ತಿದರೆ ನುಗ್ಗೆ ಎಲೆಗಳ ನಡುವೆ ಬೆಳಕು ಬಂದಿರುತ್ತಿತ್ತು. ಅದು ಬಂದ ಗಳಿಗೆ ಮಾತ್ರ ಒಂದು ದಿನವೂ ನನ್ನ ಕಣ್ಣಿಗೆ ಸಿಗಲಿಲ್ಲ. ಅದೇ ಹೊತ್ತಿಗೆ ಪಡಸಾಲೆಯಲ್ಲಿ ಅತ್ತೆ ಅಂಗೈಯಲ್ಲಿ ಲಿಂಗ ಹಿಡಿದು ಪೂಜೆಗೆ ಕೂತಿರುತ್ತಿದ್ದರು. ಹಿತ್ತಲ ಬಾಗಿಲಿನಿಂದ ಅವರ ಬಾಗಿದ ಹಣೆ, ವಿಭೂತಿ ಕಾಣುತ್ತಿದ್ದವು. ಮದುವೆಯಾದ ಹತ್ತು ವರ್ಷಗಳಲ್ಲಿ ಆ ಮನೆಯಲ್ಲಿ ನನಗೆಂದು ಸಿಕ್ಕ ಮೊದಲ ಹತ್ತು ನಿಮಿಷ ಅದು.

ಶಾಲೆಯಲ್ಲಿ ಬಿಸಿಯೂಟದ ನಂತರ ನಳದ ಹತ್ತಿರ ನಿಂತರೆ ಹುಡುಗಿಯರು ಸುತ್ತ ನೆರೆಯುತ್ತಿದ್ದರು. “ಟೀಚರ್, ಇನ್ನೂ ಒಂದ ಅಗಳ ಐತ್ರಿ, ಎಡಕ್ಕ!” ಎಂದು ತೋರಿಸುತ್ತಿದ್ದರು.

ಶ್ರಾವಣದಲ್ಲಿ ಪಂಚಮಿ ಬಂತು. ಅತ್ತೆ ಶೇಂಗಾ ಉಂಡಿ ಕಟ್ಟಿದರು. ಗಟ್ಟಿಯಾದದ್ದನ್ನು ಕಡಿಯಬಾರದೆಂದು ಡಾಕ್ಟರು ಹೇಳಿದ್ದರೂ ಬೆಲ್ಲದ ವಾಸನೆಗೆ ಮನಸ್ಸು ತಡೆಯಲಿಲ್ಲ. ಒಂದನ್ನು ಕಡಿದೆ. ಕಟಕ್ ಎಂದಿತು. ಹಲ್ಲಿಗೆ ಅಂಟಿಸಿದ್ದ ಪುಟ್ಟ ಲೋಹದ ತುಣುಕು ಕಿತ್ತುಬಂದು, ತಂತಿಯ ತುದಿ ಕೆನ್ನೆಯೊಳಗೆ ಚುಚ್ಚತೊಡಗಿತು. ಅತ್ತೆಗೆ ಹೇಳಿದರೆ ನೊಂದುಕೊಂಡಾರೆಂದು ತುದಿಗೆ ಡಾಕ್ಟರು ಕೊಟ್ಟಿದ್ದ ಮೇಣ ಮೆತ್ತಿ ಎರಡು ದಿನ ಸುಮ್ಮನಿದ್ದೆ. ಮೂರನೆಯ ದಿನ ಹಿತ್ತಲಲ್ಲಿ ಉಗುಳಿದ ನೀರಿನಲ್ಲಿ ರಕ್ತ ಕಂಡು ಅವರೇ ಹತ್ತಿರ ಬಂದರು.

“ನನ್ನ ಉಂಡಿ ತಿಂದ ಹಿಂಗಾತೇನು?”

“ತಪ್ಪು ನಂದ್ರಿ. ತಿನಬ್ಯಾಡ ಅಂದಿದ್ರು.”

ಅವರು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತರು. ಹೇಳಿದರು: “ನಾ ಈ ಮನಿಗೆ ಬಂದಾಗ ಓಣಿ ಹೆಣ್ಮಕ್ಕಳೆಲ್ಲಾ ನನ್ನ ಹಲ್ಲ ನೋಡಾಕ ಬಂದಿದ್ರವಾ. ಅಗದಿ ಮಲ್ಲಿಗಿ ಮೊಗ್ಗಿನಂಗ ಇದ್ದೂ. ತಂಬಾಕಿನ ಪುಡಿ ತಿಕ್ಕೂ ಚಟಾ ಹತ್ತಿತು. ಒಂದೊಂದ ಉದುರಿ ಹೋದೂ. ಈಗ ನಾಕ ಉಳದಾವ. ನೀ ದಿನಾ ಇಲ್ಲಿ ನಿಂತ ತೊಳಿಯೂದ ನೋಡಿದ್ರ ನನಗ ಹೋದ ಹಲ್ಲ ನೆನಪಾಗತಿದ್ದೂ.”

ಇಷ್ಟು ದಿನ ಅವರು ಪೂಜೆ ಮುಗಿಸಿ ನನ್ನತ್ತ ನೋಡುತ್ತಿದ್ದದ್ದನ್ನು ಸಿಟ್ಟೆಂದೇ ತಿಳಿದಿದ್ದೆ. “ನಾಳೆ ಹುಬ್ಬಳ್ಳಿಗೆ ನೀವೂ ಬರ್ರಿ,” ಅಂದೆ.

“ನಾಕ ಹಲ್ಲ ತೋರಿಸಾಕ?”

“ಆ ನಾಕಾದ್ರೂ ಉಳೀಲಿ ಅಂತರಿ.”

ಅವರು ಬಂದರು. ಡಾಕ್ಟರು ನನ್ನ ತಂತಿ ಸರಿಮಾಡಿ, ಅವರನ್ನೂ ಕುರ್ಚಿಯಲ್ಲಿ ಮಲಗಿಸಿ ನೋಡಿದರು. ಎರಡು ಹಲ್ಲು ಉಳಿಸಬಹುದು, ಎರಡು ತೆಗೆಯಬೇಕು, ತಂಬಾಕು ಮಾತ್ರ ಇವತ್ತಿಗೇ ಬಂದ್ ಎಂದರು. ಬಿಡುವುದು ಸುಲಭವಾಗಲಿಲ್ಲ. ಒಂದು ತಿಂಗಳು ಮನೆಯಲ್ಲಿ ಎಲ್ಲರ ಮೇಲೂ ಹರಿಹಾಯ್ದರು, ಎರಡು ಸಲ ಕದ್ದು ತಿಕ್ಕಿದರು. ಆಮೇಲೆ ಪೂಜೆ ಮುಗಿಸಿ, ಎಳೆಯ ಮಕ್ಕಳ ಮೆತ್ತನೆಯ ಬ್ರಷ್ಷು ಹಿಡಿದು ಅವರೂ ಕನ್ನಡಿಯ ಮುಂದೆ ಬರತೊಡಗಿದರು. ನನ್ನ ಹತ್ತು ನಿಮಿಷಕ್ಕೆ ಪಾಲು ಬಂತೆಂದು ಮೊದಲು ಸ್ವಲ್ಪ ಕಸಿವಿಸಿಯಾಯಿತು. ಬರಬರುತ್ತ ಅವರು ಬರುವುದು ತಡವಾದರೆ ಬಾಗಿಲ ಕಡೆ ನೋಡುವಂತಾದೆ.

ಎರಡು ವರ್ಷ ತುಂಬುವ ಮೊದಲೇ ಕ್ಲಿಪ್ ತೆಗೆದರು. ಆ ದಿನವೂ ಅತ್ತೆ ಜೊತೆಗಿದ್ದರು. ಊರಿಗೆ ಮರಳುವ ಬಸ್ಸಿನಲ್ಲಿ ನನ್ನ ನಾಲಗೆ ನುಣ್ಣನೆಯ ಹಲ್ಲುಗಳ ಮೇಲೆ ಜಾರುತ್ತ, ಕಳೆದದ್ದೇನನ್ನೋ ಹುಡುಕುತ್ತಿತ್ತು. ಕಿಟಕಿಯಾಚೆ ಹಸಿರು ಗದ್ದೆಗಳು ನಿದ್ದೆಯಲ್ಲಿ ಕಂಡಂತೆ ಹಿಂದೆ ಸರಿಯುತ್ತಿದ್ದವು.

“ಹೆಂಗ ಅನಸ್ತದ?” ಅತ್ತೆ ಕೇಳಿದರು.

“ಬಾಯಿ ಖಾಲಿ ಖಾಲಿ ಅನಸ್ತದ್ರಿ.”

“ನನಗೂ ಹಲ್ಲು ಬಿದ್ದಾಗ ಹಂಗ ಅನಸಿತ್ತು,” ಎಂದು ಅವರು ಗಂಭೀರವಾಗಿಯೇ ಹೇಳಿದರು. ಮರುಕ್ಷಣ ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಮುಂದಿನ ಸೀಟಿನವರು ಹೊರಳಿ ನೋಡುವಷ್ಟು ನಕ್ಕೆವು.