ದೇವಿಯ ಮುಂದೆ ನುಂಗಿದ ಚೀಟಿ

ಘತ್ತರಗಿಯ ಭಾಗ್ಯವಂತಿ ದೇವಿಯ ಎದುರು ನಿಂತು ನಾನೊಂದು ಸುಳ್ಳು ಹೇಳಿದ್ದೆ. ಇಪ್ಪತ್ತೈದು ವರ್ಷವಾಯಿತು. ಹೆಂಡತಿಗೂ ಹೇಳಿರಲಿಲ್ಲ. (ಈಗ ಓದಿ ತಿಳಿದುಕೊಳ್ಳುತ್ತಾಳೆ. ಮುಂದಿನದು ನನ್ನ ಹಣೆಬರಹ.)

ಆಗ ನಾನು, ತಮ್ಮ ಭೀಮು ಇಬ್ಬರೂ ಮಿಲಿಟ್ರಿ ಸೇರುವ ಹುಚ್ಚಿನಲ್ಲಿದ್ದೆವು. ನಸುಕಿನಲ್ಲೆದ್ದು ಅತನೂರ ರಸ್ತೆಯಲ್ಲಿ ಓಡುತ್ತಿದ್ದೆವು. ಭೀಮು ಸುಮ್ಮನೆ ಓಡುತ್ತಿದ್ದ. ನಾನು ಓಡಿದ್ದಕ್ಕಿಂತ ಊರ ಕಟ್ಟೆಯ ಮೇಲೆ ಕೂತು ಕೊಚ್ಚಿಕೊಂಡಿದ್ದೇ ಹೆಚ್ಚು. ಭರ್ತಿಯ ದಿನ ಹತ್ತಿರ ಬಂದಾಗ ಅಪ್ಪ ಅಡ್ಡ ನಿಂತ.

"ಇಬ್ಬರೂ ಹೋದ್ರ ಹೊಲ ಯಾರು ನೋಡಬೇಕು? ಒಬ್ಬಾವ ಹೋಗ್ಲಿ. ಯಾರು ಅಂತ ದೇವಿ ಹೇಳ್ಲಿ."

ದೇವಿ ಹೇಳುವುದೆಂದರೆ ಚೀಟಿ. ನಮ್ಮಿಬ್ಬರ ಹೆಸರು ಬರೆದು, ಮಡಚಿ, ತಾಟಿನಲ್ಲಿಟ್ಟೆವು. ಅಪ್ಪ ಕಾಯಿ ಒಡೆಸಲು ಆಚೆ ಹೋದ. ಭೀಮು ದೇವಿಗೆ ಕೈ ಮುಗಿದು ಕಣ್ಣು ಮುಚ್ಚಿ ನಿಂತಿದ್ದ. ಅವ್ವನೂ ಕಣ್ಣು ಮುಚ್ಚಿ ಒಂದನ್ನು ಎತ್ತಿ ನನ್ನ ಕೈಗಿಟ್ಟಳು. ಆಕೆಗೆ ಓದಲು ಬಾರದು. "ಯಾರ ಹೆಸರು ಬಂದೈತಿ ನೋಡಪ್ಪಾ."

ನನ್ನದೇ ಹೆಸರು!

ಕಟ್ಟೆಯ ಮೇಲಿನ ಶೌರ್ಯ ಕಟ್ಟೆಯ ಮೇಲೇ ಉಳಿಯಿತು. "ಭೀಮು" ಎಂದುಬಿಟ್ಟೆ. ಚೀಟಿ ಏನು ಮಾಡುವುದು? ಕೈಯಲ್ಲಿ ಪ್ರಸಾದದ ಸಕ್ಕರೆ ಇತ್ತು. ಅದರ ಜೊತೆ ಬಾಯಿಗೆ ಹಾಕಿ ನುಂಗಿದೆ. (ಇಂಕಿನ ರುಚಿ ಬಲು ಕೆಟ್ಟದ್ದು.)

ಭೀಮು ಹೋದ. ಒಂದೇ ಸಲಕ್ಕೆ ಪಾಸಾದ. ಆಮೇಲೆ ಶುರುವಾಯಿತು ನನ್ನ ಸರ್ವಿಸ್! ಟಿವಿಯಲ್ಲಿ ಗಡಿ ಎಂದರೆ ಸಾಕು, ಊಟ ಸೇರುತ್ತಿರಲಿಲ್ಲ. ಹೊತ್ತಲ್ಲದ ಹೊತ್ತಿನಲ್ಲಿ ಫೋನ್ ಬಂದರೆ ಎತ್ತದೆ ಅಂಗಳಕ್ಕೆ ಹೋಗಿ ನಿಲ್ಲುತ್ತಿದ್ದೆ. ಅವನಿಗೇನಾದರೂ ಆದರೆ ಕೊಂದವನು ನಾನೇ ತಾನೆ?

ಏನೂ ಆಗಲಿಲ್ಲ. ಮೀಸೆ ದಪ್ಪ ಮಾಡಿಕೊಂಡು, ರಿಟೈರ್ ಆಗಿ ಬಂದ. ಕಳೆದ ರವಿವಾರ ಅವ್ವನ ಹರಕೆ ತೀರಿಸಲು ಇಬ್ಬರೂ ಘತ್ತರಗಿಗೆ ಹೋದೆವು. ದರ್ಶನ ಮುಗಿಸಿ ಹೊಳೆಯ ಮೆಟ್ಟಿಲ ಮೇಲೆ ಕೂತಾಗ ತಡೆಯಲಾಗಲಿಲ್ಲ. ಎಲ್ಲ ಹೇಳಿ ಅತ್ತೇಬಿಟ್ಟೆ.

ಭೀಮು ಚುರುಮುರಿ ತಿನ್ನುವುದನ್ನು ನಿಲ್ಲಿಸಲೂ ಇಲ್ಲ.

"ನಂಗ ಅವತ್ತೇ ಗೊತ್ತಿತ್ತಣ್ಣಾ. ಇನ್ನೊಂದು ಚೀಟಿ ತಾಟಿನ್ಯಾಗೇ ಬಿಟ್ಟಿದ್ದಿ. ನೀ ಅತ್ತ ಹೋದ ಮ್ಯಾಲ ಬಿಚ್ಚಿ ನೋಡಿದೆ. ಅದ್ರಾಗ ನನ್ನ ಹೆಸರಿತ್ತು."

ನುಂಗುವ ಗಡಿಬಿಡಿಯಲ್ಲಿ ಎರಡನೇ ಚೀಟಿ ನನಗೆ ನೆನಪೇ ಆಗಿರಲಿಲ್ಲ ನೋಡಿ! "ಮತ್ತ್ಯಾಕ ಬಾಯಿ ಬಿಡಲಿಲ್ಲೋ ಲೇ?"

"ಬಿಟ್ಟಿದ್ರ ನೀ ಹೋಗ್ತಿದ್ದಿ, ನಾ ತೊಗರಿ ಹೊಲದಾಗ ಉಳೀತಿದ್ದೆ. ನಂಗ ಹೋಗಬೇಕಾಗಿತ್ತು. ಅಪ್ಪ ಬಂದು ನೋಡಿಗೀಡ್ಯಾನು ಅಂತ ಅದನ್ನ ನಾನೂ ನುಂಗಿಬಿಟ್ಟೆ."

ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು. ಎಷ್ಟೋ ವರ್ಷದ ಮೇಲೆ ಮನಸ್ಸು ಹಗುರಾಯಿತು. ನಾವೆಲ್ಲ ಹೀಗೇ ಅಲ್ಲವೇ? ನೀನೇ ಹೇಳು ತಾಯಿ ಎಂದು ದೇವರ ಮೇಲೆ ಭಾರ ಹಾಕುತ್ತೇವೆ. ಹೆಸರು ಬಂದ ಮೇಲೆ ತಾನೆ ನಮಗೇನು ಬೇಕೆಂದು ಗೊತ್ತಾಗುವುದು?

ಅವ್ವನಿಗೆ ಮಾತ್ರ ಹೇಳಿಲ್ಲ. (ನೀವೂ ಯಾರೂ ಆಕೆಗೆ ಈ ಅಂಕಣ ಓದಿ ಹೇಳಬೇಡಿ.) ಮನೆಗೆ ಬಂದವರಿಗೆಲ್ಲ ಇವತ್ತಿಗೂ ಒಂದೇ ಮಾತು: "ದೇವಿನೇ ಆರಿಸಿದ್ಳ್ರಿ ನಮ್ಮ ಭೀಮೂನ್ನ. ಆಕಿ ಚೀಟಿ ಎಂದೂ ಸುಳ್ಳಾಗಂಗಿಲ್ಲ."

ಅಲ್ಲವೆಂದು ತೋರಿಸಲು ನಮ್ಮ ಬಳಿ ಒಂದು ಚೀಟಿಯಾದರೂ ಉಳಿದಿದೆಯೇ?