ಕಮರಿಯಿಂದ ಬಂದ ಒಂಟಿ ಕೂಗು

ದೆವ್ವದ ಕತೆ ಹೇಳುವವರಲ್ಲಿ ಅರ್ಧ ಜನ ಕುಡಿದಿರುತ್ತಾರೆ, ಉಳಿದವರು ಸುಳ್ಳು ಹೇಳುತ್ತಿರುತ್ತಾರೆ. ಕುಂದಾಪುರದಲ್ಲಿ ಇಪ್ಪತ್ತು ವರ್ಷ ವರದಿಗಾರನಾಗಿದ್ದ ನಾನು ಎರಡೂ ಥರದವರನ್ನು ಕಂಡಿದ್ದೇನೆ. ಅಂದು ನಾನು ಕುಡಿದಿರಲಿಲ್ಲ. ನಡೆದಷ್ಟನ್ನೇ ಬರೆಯುತ್ತೇನೆ.

2008ರ ಡಿಸೆಂಬರ್. ಬೈಂದೂರಿನ ಒಳಗಿನ ಅಭಯಾರಣ್ಯಕ್ಕೆ ನಗರದ ನಾಲ್ವರು ಚಾರಣಕ್ಕೆ ಬಂದಿದ್ದರು. 'ಕಾಡಿನ ಮೌನ ಅನುಭವಿಸಲು' ಬಂದವರ ಕೈಯಲ್ಲಿ ಹಾಡಿನ ಪೆಟ್ಟಿಗೆ. ನಡೆದ ದಾರಿಯುದ್ದಕ್ಕೂ ಚಿಪ್ಸ್ ಪೊಟ್ಟಣ. ಭಾನುವಾರದ ಪುರವಣಿಗೆ ಬರೆಯಲು ನಾನೂ ಜೊತೆಗಿದ್ದೆ. ದಾರಿ ತೋರಿಸಲು ಮಂಜಣ್ಣ, ಅದೇ ಕಾಡಿನಲ್ಲಿ ಉಪ್ಪಾಗೆ ಹಣ್ಣು ಹೆಕ್ಕಿ, ಒಣಗಿಸಿ ಮಾರುವವರು.

ಹೊಳೆ ಬದಿ ಡೇರೆ ಹಾಕಿದೆವು. ನಾಲ್ವರಲ್ಲಿ ಪ್ರಸನ್ನ ಎಂಬಾತ ಸೂರ್ಯಾಸ್ತದ ಫೋಟೊ ತೆಗೆಯಲು ಒಬ್ಬನೇ ಗುಡ್ಡ ಹತ್ತಿದ. ಕತ್ತಲಾದರೂ ಇಳಿಯಲಿಲ್ಲ. ಅವನಿಗೆ ಉಬ್ಬಸ. ಉಸಿರಿಗೆ ಎಳೆದುಕೊಳ್ಳುವ ಪಂಪು ಡೇರೆಯ ಚೀಲದಲ್ಲೇ ಉಳಿದಿತ್ತು.

ಟಾರ್ಚ್ ಹಿಡಿದು ಎರಡು ಗಂಟೆ ಹುಡುಕಿದೆವು. ಸಿಗಲಿಲ್ಲ. ಕತ್ತಲಲ್ಲಿ ನೆತ್ತಿಯವರೆಗೆ ಹತ್ತಲಾಗದೆ ಡೇರೆಗೆ ಮರಳಿ ಬೆಂಕಿ ಹಾಕಿ ಕೂತೆವು. ಗೆಳೆಯರಲ್ಲೊಬ್ಬ ಅಳತೊಡಗಿದ, ಇನ್ನೊಬ್ಬ ಮೊಬೈಲನ್ನು ಆಕಾಶಕ್ಕೆ ಹಿಡಿದು ಸಿಗ್ನಲ್ ಬೇಡುತ್ತಿದ್ದ.

ಹನ್ನೊಂದರ ಹೊತ್ತಿಗೆ, ಕೆಳಗಿನ ಕಮರಿಯಿಂದ...

"ಕೂ..."

ಎದ್ದು ನಿಂತೆ. ಮಂಜಣ್ಣ ತೋಳು ಹಿಡಿದರು.

"ಹ್ವಾಯ್, ಬಾಯ್ ಬಿಡ್ಬೇಡಿ. ಮನ್ಷ್ರಾದ್ರೆ ಮೂರ್ ಸಲ ಕೂ ಹಾಕ್ತ್ರ್. ಮೂರನೇದ್ ಬಪ್ಪತನ್ಕ ಓ ಅಂಬುಕಾಗ."

"ಅಂವ ಸಾಯ್ತಿದ್ದ ಮಂಜಣ್ಣ. ನಿಮ್ಗ್ ಕೂಗ್ ಎಣ್ಸು ಚಿಂತೆ!"

"ಗುಡ್ಡಿ ಹತ್ತಿದಂವ ಕೆಳ್ಗಿಂದ ಕೂಗುದ್ ಹ್ಯಾಂಗೆ ಮಾರಾಯ್ರೆ?"

ತೋಳು ಬಿಡಿಸಿಕೊಂಡೆ. ಇಂಥ ಮೌಢ್ಯಕ್ಕೆ ಮರ್ಯಾದೆ ಕೊಟ್ಟು ನನಗೆ ಅಭ್ಯಾಸವಿರಲಿಲ್ಲ. ಎದೆ ತುಂಬ ಉಸಿರೆಳೆದು ಕೂ ಹಾಕಿದೆ.

ಮರುಕೂಗು ಬರಲಿಲ್ಲ. ವಾಸನೆ ಬಂತು... ಒದ್ದೆ ಬೂದಿಯದು. ನಮ್ಮ ಬೆಂಕಿ ಚೆನ್ನಾಗಿಯೇ ಉರಿಯುತ್ತಿತ್ತು. ತರಗೆಲೆಯ ಮೇಲೆ ಹೆಜ್ಜೆಯ ಸದ್ದಿಲ್ಲ. ವಾಸನೆ ಮಾತ್ರ ಹತ್ತಿರವಾಯಿತು, ನಮ್ಮನ್ನು ದಾಟಿತು, ಗುಡ್ಡದ ಕಡೆ ಹೋಯಿತು. ಸ್ವಲ್ಪ ಹೊತ್ತಿಗೆ ಮೇಲಿನಿಂದ, ನನ್ನದೇ ದನಿಯಲ್ಲಿ...

"ಕೂ..."

"ದನಿ ಕೊಟ್ರಿ ಅಲ್ದಾ," ಮಂಜಣ್ಣ ಪಿಸುಗುಟ್ಟಿದರು. "ಇನ್ ಬೆಳ್ಗಾಪತನ್ಕ ಸುಮ್ನೆ ಕೂಕಣಿ."

ಕೂತೆ. ಯಾರೂ ಏಳಲಿಲ್ಲ.

ಬೆಳಕು ಹರಿದಾಗ ಗುಡ್ಡದ ನೆತ್ತಿಯ ಬಂಡೆಯ ಮೇಲೆ ಪ್ರಸನ್ನ ಸಿಕ್ಕಿದ. ಜೀವವಿತ್ತು. ಪಂಪು ಎಳೆದುಕೊಂಡವನೇ ನನ್ನ ಕೈ ಹಿಡಿದ.

"ರಾತ್ರಿಯಿಡೀ ನೀವು ಬೆನ್ನು ನೀವದಿದ್ರೆ ಸತ್ತೇ ಹೋಗ್ತಿದ್ದೆ ಸಾರ್. ಒಂದು ಮಾತಾದ್ರೂ ಆಡಬಾರದಿತ್ತಾ?"

ಆ ಕೂಗಿನ ನಂತರ ನಾನು ಬೆಂಕಿ ಬಿಟ್ಟು ಕದಲಿರಲಿಲ್ಲ. ಅದಕ್ಕೆ ಮಂಜಣ್ಣ ಸೇರಿ ನಾಲ್ವರು ಸಾಕ್ಷಿಗಳಿದ್ದರು. ನಾಲ್ವರೂ ನೆಲ ನೋಡುತ್ತಿದ್ದರು.

ಅವನಿಗೆ ನಿಜ ಹೇಳುವ ಧೈರ್ಯ ಆಗಲಿಲ್ಲ. ಪ್ರತಿ ದೀಪಾವಳಿಗೆ ಫೋನ್ ಮಾಡಿ ಕೃತಜ್ಞತೆ ಹೇಳುತ್ತಾನೆ. ನಾನು "ಇರಲಿ ಬಿಡಿ" ಎನ್ನುತ್ತೇನೆ. ಕಳೆದ ಸಲ ಮಾತು ಮುಗಿಸುವ ಮುನ್ನ ದನಿ ತಗ್ಗಿಸಿ ಕೇಳಿದ:

"ಉಬ್ಬಸ ಜೋರಾದ ರಾತ್ರಿ ಈಗಲೂ ಬಂದು ಬೆನ್ನು ನೀವ್ತೀರಲ್ಲ ಸಾರ್... ಬಾಗಿಲು ಹೇಗೆ ತೆಗೀತೀರಿ?"

ಅವನ ಮನೆ ಎಲ್ಲಿದೆಯೆಂದು ನನಗೆ ಇಂದಿಗೂ ಗೊತ್ತಿಲ್ಲ.